ಹೆಗಲ ಮೇಲಿನ ಕೈ

ಅಣ್ಣಿಗೇರಿಯ ಸಂಗನಬಸವ ತನ್ನ ಫೋಟೋವನ್ನು ತಾನೇ ಕತ್ತರಿಸಲು ಹೋಗದೆ ಆಸೀಫನ ಅಂಗಡಿಗೆ ಕೊಟ್ಟಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಮೂವತ್ತಾರು ದಾಟಿದ, ಮದುವೆಯಾಗದ ಗಂಡಸಿಗೆ ನಸುಕಿನಲ್ಲಿ ಎಚ್ಚರವಾದರೆ ಕೈಗೆ ಸಿಗುವುದು ಮೊಬೈಲೊಂದೇ. ಅದರಲ್ಲೂ ಅವತ್ತು ಸಂಜೆ ಮಿಶ್ರಿಕೋಟಿಯ ಬೀಗರು ಮನೆ ನೋಡಲು ಬರುವವರಿದ್ದರು. ಬೀಗರು ಎನ್ನುವುದು ಸಂಗನಬಸವನ ತಾಯಿ ಸುಶೀಲವ್ವನ ಮಾತು. ಇನ್ನೂ ಏನೂ ಗಟ್ಟಿಯಾಗಿರಲಿಲ್ಲ.

ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ರೈತರೆಲ್ಲ ಸೇರಿ ಮಾಡಿಕೊಂಡಿರುವ ವಾಟ್ಸಾಪ್ ಗ್ರೂಪಿಗೆ ‘ನೇಗಿಲ ಬಳಗ’ ಎಂದು ಹೆಸರು. ಅಲ್ಲಿ ಕಡಲೆಗೆ ಬಿದ್ದ ಕೀಡಿಹುಳುವಿನ ಬಗ್ಗೆ ಮಾತು ಕಡಿಮೆ, ಸಹಿಪಟ್ಟಿಯ ಮೆರವಣಿಗೆ ಹೆಚ್ಚು. ಸಹಿಪಟ್ಟಿ ಎಂದರೆ ಪ್ರತಿ ಮೆಸೇಜಿನ ಕೊನೆಗೆ ಹಚ್ಚುವ ಅಂಗೈಯಗಲದ ಚಿತ್ರ. ಹಿಂದೆ ಸೂರ್ಯ ಹುಟ್ಟುತ್ತಿರಬೇಕು, ಬದಿಗೆ ಹೆಸರು ಮತ್ತು ಊರು ಬರೆದಿರಬೇಕು, ಎದುರಿಗೆ ಯಾವುದೋ ಫೋಟೋದಿಂದ ಕತ್ತರಿಸಿ ತೆಗೆದ ಆಸಾಮಿ ಕೈಮುಗಿದು ನಿಂತಿರಬೇಕು. ಪಟ್ಟಿ ಇಲ್ಲದವನು ಮಳೆ ಬರುತ್ತದೆ ಎಂದರೂ ಬಳಗದಲ್ಲಿ ಯಾರೂ ನಂಬುವುದಿಲ್ಲ. ಅಡ್ಮಿನ್ ಪಂಚಾಕ್ಷರಯ್ಯನವರ ಪಟ್ಟಿಯಲ್ಲಿ ಅವರು ಸೂರ್ಯನಿಗಿಂತ ದೊಡ್ಡದಾಗಿದ್ದರು. ಯರಗುಪ್ಪಿಯವನೊಬ್ಬ ತನ್ನ ಎತ್ತನ್ನು ಕತ್ತರಿಸಿ ಅಂಟಿಸುವಾಗ ತನ್ನನ್ನೇ ಮರೆತಿದ್ದ. ಹೀಗಾಗಿ ಎರಡು ವರ್ಷದಿಂದ ಅವನ ಹೆಸರಿನಲ್ಲಿ ಎತ್ತೇ ಶುಭೋದಯ ಹೇಳುತ್ತಿತ್ತು.

ಹುಡುಗಿಯ ತಂದೆ ಮಡಿವಾಳೆಪ್ಪನೂ ಅದೇ ಬಳಗದಲ್ಲಿದ್ದ. ಭಾವಿ ಅಳಿಯನಿಗೆ ಪಟ್ಟಿ ಇಲ್ಲವೆಂದರೆ ಮಾನ ಉಳಿಯುತ್ತದೆಯೇ? ಸಂಗನಬಸವ ಮೊಬೈಲೆಲ್ಲ ಜಾಲಾಡಿದ. ಅವನು ನೆಟ್ಟಗೆ ಕಾಣುವ ಫೋಟೋ ಇದ್ದದ್ದು ಒಂದೇ. ಯರಗುಪ್ಪಿಯಲ್ಲಿ ಚಿಕ್ಕಪ್ಪನ ಮಗ ಸಿದ್ಧಾರೂಢನ ಮದುವೆಯಲ್ಲಿ ತೆಗೆದದ್ದು. ಬಿಳಿ ಅಂಗಿ, ಕೇಸರಿ ರುಮಾಲು, ಮುಗಿದ ಕೈ, ಮುಖದಲ್ಲಿ ಒಂದು ಗತ್ತು. ಬಾಜು ನಿಂತವರನ್ನೆಲ್ಲ ಎಂದೋ ಅಂಚು ಕತ್ತರಿಸಿ ತೆಗೆದಿದ್ದ. ಈಗ ಮೊಬೈಲಿನ ಮೇಲೆ ಬೆರಳೊತ್ತಿ ಹಿಡಿದ ಕೂಡಲೇ ಹಿಂದಿನ ಪೆಂಡಾಲು ಕಳಚಿ ಬಿದ್ದು, ಅವನೊಬ್ಬನೇ ಎದ್ದು ಬಂದ. ಅವನನ್ನು ಸೂರ್ಯನ ಮುಂದೆ ನಿಲ್ಲಿಸಿ, ‘ಕಡ್ಲಿಗೆ ಕೀಡಿ ಬಿದ್ದಾವ, ಎಲ್ಲಾರೂ ಹೊಲಕ್ಕ ಹೋಗಿ ನೋಡ್ರಿ’ ಎಂದು ಬರೆದು, ಕೆಳಗೆ ಪಟ್ಟಿ ಹಚ್ಚಿ ಕಳಿಸಿದ.

ಕೀಡಿಯನ್ನು ಯಾರೂ ನೋಡಲಿಲ್ಲ. ಮೊದಲ ಉತ್ತರ ನವಲಗುಂದದ ಮಹಾಂತೇಶನಿಂದ ಬಂತು.

“ಬಸಣ್ಣಾ, ಪಟ್ಟಿ ಭಾರಿ ಆಗೇತಿ. ಹೆಗಲ ಮ್ಯಾಲಿನ ಕೈ ಯಾರದು?”

ಸಂಗನಬಸವ ಗಾಬರಿಯಿಂದ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಎಡಹೆಗಲ ಮೇಲೆ ಒಂದು ಕೈ ಕುಳಿತಿತ್ತು. ಮದರಂಗಿ ಹಚ್ಚಿದ, ಹಸಿರು ಬಳೆ ತೊಟ್ಟ ಹೆಣ್ಣಿನ ಕೈ. ಮಣಿಕಟ್ಟಿನ ಆಚೆ ಏನೂ ಇರಲಿಲ್ಲ. ಯಾರೂ ಇಲ್ಲದ ಆ ಕೈ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದಿತ್ತು. ಅವನನ್ನು ಕತ್ತರಿಸಿದ ಮೊಬೈಲು ಕೈಯನ್ನೂ ಅವನದೇ ಎಂದು ತಿಳಿದು ಜೊತೆಗೆ ತಂದುಬಿಟ್ಟಿತ್ತು.

ಅಷ್ಟರಲ್ಲಿ ಬಳಗ ಪೂರ್ತಿ ಎಚ್ಚೆತ್ತಿತ್ತು. ‘ಹಸಿರು ಬಳಿ ಅಂದ್ರ ಲಗ್ನ ಆದಾಕಿ’ ಎಂದ ಒಬ್ಬ. ‘ಲಗ್ನದಾಗ ಎಲ್ಲಾ ಹೆಣ್ಮಕ್ಕಳಿಗೂ ಬಳಿ ಇಡಸ್ತಾರಲೇ’ ಎಂದ ಇನ್ನೊಬ್ಬ. ಎತ್ತಿನ ಪಟ್ಟಿಯವನು ಮಾತ್ರ ‘ಶುಭೋದಯ’ ಎಂದ.

ಬಾಜು ಮನೆಯ ಮೈಲಾರವ್ವ ಹೆಪ್ಪು ಕೇಳುವ ನೆಪದಲ್ಲಿ ಒಳಗೆ ಬಂದಳು. ಅವಳ ಗಂಡ ಮಾಳಪ್ಪ ಬಳಗದ ಸದಸ್ಯ.

“ಸುಶೀಲವ್ವಾ, ಮುಂಜಾನಿಂದ ನಮ್ಮ ಮನಿಯವರು ನನ್ನ ಕೈ ಹಿಡಿದು ಹೊಳ್ಳಿಸಿ ಮಳ್ಳಿಸಿ ನೋಡಾಕತ್ತಾರ. ಲಗ್ನಾಗಿ ಇಪ್ಪತ್ತು ವರ್ಷಾತು, ಒಮ್ಮೆರ ಹಿಂಗ ಕೈ ಹಿಡಿದಿದ್ದಿಲ್ಲ. ಏನ್ ಅದು?”

“ಏನಲೇ ಬಸು ಅದು?” ಸುಶೀಲವ್ವ ಹೋಳಿಗೆಯ ಹೂರಣ ಅರೆಯುವುದನ್ನು ಬಿಟ್ಟು ಬಂದಳು.

“ಏನಿಲ್ಲ ಬೇ, ಒಂದು ಕೈ.”

“ಯಾರದು?”

“ಗೊತ್ತಿಲ್ಲ.”

“ಹೆಗಲ ಮ್ಯಾಲ ಕೈ ಇಟ್ಟಾಕಿ ಗೊತ್ತಿಲ್ಲಂದ್ರ, ಗೊತ್ತಿದ್ದಾಕಿ ಎಲ್ಲಿ ಇಡತಾಳಪಾ?” ಎಂದಳು ಮೈಲಾರವ್ವ.

ಸಂಗನಬಸವ ಅಂಗಳಕ್ಕೆ ಓಡಿಹೋಗಿ ಸಿದ್ಧಾರೂಢನಿಗೆ ಫೋನು ಹಚ್ಚಿದ. “ತಮ್ಮಾ, ನಿನ್ನ ಲಗ್ನದಾಗ ನನ್ನ ಹಿಂದ ಯಾರು ನಿಂತಿದ್ರು?”

“ನನ್ನ ಮುಂದ ಯಾರು ನಿಂತಿದ್ರು ಅನ್ನೂದೂ ನೆನಪಿಲ್ಲಣ್ಣಾ, ಅಷ್ಟು ಗದ್ದಲ. ನನ್ನ ಹಳೇ ಮೊಬೈಲ ಔಷಧ ಹೊಡಿಯೂ ಪಂಪಿನಾಗ ಬಿದ್ದು ಹೋತು. ಆಲ್ಬಮ್ ದಾನೇಶ್ವರಿ ತವರಮನ್ಯಾಗ ಐತಿ. ಇವತ್ತ ತರಸತೇನಿ, ಫೋಟೋ ಹೊಡದು ಹಾಕತೇನಿ. ತಡಿ, ಸಂಜೀ ಆಗತೈತಿ.”

ದಾನೇಶ್ವರಿ ಸಿದ್ಧಾರೂಢನ ಹೆಂಡತಿ. ತವರು ಕಲಘಟಗಿ ಕಡೆ. ಮಿಶ್ರಿಕೋಟಿಯ ಅಮೃತಾಳ ಸಂಬಂಧವನ್ನು ಹೇಳಿದವಳೂ ಅವಳೇ. ಸಂಗನಬಸವ ಎಂಟು ವರ್ಷದಿಂದ ಕನ್ಯೆ ನೋಡುತ್ತಿದ್ದ. ನೌಕರಿ ಇಲ್ಲ ಎಂದು ಒಬ್ಬರು, ಹೊಲ ಮಾಡುತ್ತಾನೆ ಎಂದು ಇನ್ನೊಬ್ಬರು, ಒಂದೇ ಕಾರಣವನ್ನು ಬೇರೆ ಬೇರೆ ಮಾತಿನಲ್ಲಿ ಹೇಳಿ ಕಳಿಸಿದ್ದರು. ಹೋದ ತಿಂಗಳು ಮಿಶ್ರಿಕೋಟಿಗೆ ಹೋದಾಗ ಮಾತ್ರ ಯಾರೂ ಏನೂ ಅಂದಿರಲಿಲ್ಲ. ಆದರೆ ನಾಚಿಕೆಯಲ್ಲಿ ಇವನು ಹುಡುಗಿಯೊಬ್ಬಳನ್ನು ಬಿಟ್ಟು ಆ ಮನೆಯ ತೊಲೆ, ಕಂಬ, ಗೋಡೆಯ ಕ್ಯಾಲೆಂಡರು ಎಲ್ಲವನ್ನೂ ನೋಡಿ ಬಂದಿದ್ದ. ಅವಳು ಅವಲಕ್ಕಿ ತಂದುಕೊಟ್ಟಾಗಲೂ ಅವಲಕ್ಕಿಯನ್ನೇ ನೋಡಿದ್ದ. ಆದರೂ ‘ಹುಡುಗಿ ಹೂಂ ಅಂದಾಳ’ ಎಂಬ ಸುದ್ದಿ ಬಂದಾಗ ಅವನು ಹೊಲದಲ್ಲಿ ಒಬ್ಬನೇ ನಿಂತು ಬಹಳ ಹೊತ್ತು ನಕ್ಕಿದ್ದ. ಈ ಸಂಬಂಧ ತಪ್ಪಿದರೆ ಇನ್ನೊಂದು ಸಿಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಫೋನು ಗುಂಯ್‌ಗುಟ್ಟಿತು. ಮಡಿವಾಳೆಪ್ಪ.

“ಏನ್ರಿ ಇದು ಕೈ? ನಾವು ಮನಿ ನೋಡಾಕ ಬರೂ ದಿನಾನ ಹಿಂಗ?”

“ಅದು... ಫೋಟೋದಾಗ ಹಂಗ ಬಂದೈತ್ರಿ ಮಾವಾರ.”

“ಇನ್ನ ಮಾವ ಆಗಿಲ್ಲ ನಾನು. ನಮ್ಮ ಹುಡುಗಿ ಸೈತ ನಿಮ್ಮ ಪಟ್ಟಿ ನೋಡಿದಳು. ನೋಡಿ ಬಾಯಿ ಮುಚ್ಚಿಕೊಂಡು ನಕ್ಕೋತ ಒಳಗ ಹೋದಳು. ನಗಿ ಪಾಟಲ ಆಗೇತಿ ನಮ್ಮ ಮನ್ಯಾಗ!”

ಸಂಗನಬಸವ ಫೋನು ಕಿಸೆಗೆ ಹಾಕಿದ. ಬೈಕು ಹತ್ತಿದವನೇ ಬಸ್‌ಸ್ಟ್ಯಾಂಡ್ ಬಾಜು ಇರುವ ಆಸೀಫನ ಫೋಟೋ ಅಂಗಡಿಗೆ ಹೋದ.

“ಕೈ ತಗೀ,” ಎಂದ.

“ಕೈ ತಗದ್ರ ಅದರ ಕೆಳಗಿನ ಹೆಗಲೂ ಬರತೈತ್ರಿ ಬಸಣ್ಣಾ. ಒಂದಕ್ಕೊಂದು ಹತ್ತಿಗೊಂಡಾವ.”

“ನನ್ನ ಸಂಸಾರನ ಹೊಂಟೈತಿ, ನೀ ಹೆಗಲಿನ ಮಾತಾಡತಿ. ತಗಿಯಪಾ.”

ಆಸೀಫ ತೆಗೆದ. ಸಂಗನಬಸವ ಕೈ ಹೋಯಿತೇ ಎಂದು ನೋಡಿದನೇ ಹೊರತು ಏನು ಉಳಿಯಿತು ಎಂದು ನೋಡಲಿಲ್ಲ. ಕಳಿಸಿದ. ಈ ಸಲದ ಪಟ್ಟಿಯಲ್ಲಿ ಅವನ ಎಡಹೆಗಲೇ ಇರಲಿಲ್ಲ. ಕುತ್ತಿಗೆಯಿಂದ ಸೀದಾ ಮೊಣಕೈವರೆಗೆ ಸೂರ್ಯ ಹುಟ್ಟುತ್ತಿದ್ದ.

ಬಳಗದಲ್ಲಿ ಹಾಹಾಕಾರವೆದ್ದಿತು. ‘ಅಯ್ಯ ಶಿವನ, ಹೆಗಲಿಗೆ ಏನಾತು?’ ‘ರಾಶಿ ಒಕ್ಕೂ ಮಷೀನಿಗೆ ಸಿಕ್ಕನಂತ.’ ‘ಮುಂಜಾನೆ ಇತ್ತಲ್ಲೋ, ನಾನ ನೋಡೇನಿ.’ ‘ಆ ಕೈಯಾಕಿ ಗಂಡ ಬಂದಿರಬೇಕು.’ ಈ ಕೊನೆಯ ಮಾತನ್ನು ಎಲ್ಲರೂ ಒಪ್ಪಿ ಹೆಬ್ಬೆರಳೆತ್ತಿದರು.

“ಹೆಗಲು ವಾಪಸ್ ಹಚ್ಚಲೇ ಆಸೀಫಾ!”

“ಹಚ್ಚಿದ್ರ ಕೈನೂ ಬರತೈತ್ರಿ. ಒಂದು ಕೆಲಸ ಮಾಡೂಣು. ಕೈ ಇರಲಿ, ಮದರಂಗಿ ಅಳಸಿ ಬಳಿ ಮುಚ್ಚೂಣು. ಗಂಡಸರ ತೋಳು ಒಂದು ಏರಸ್ತೇನಿ. ಗೆಳ್ಯಾ ಹೆಗಲ ಮ್ಯಾಲ ಕೈ ಹಾಕ್ಯಾನ ಅಂತ ತಿಳೀತಾರ.”

ಇದು ಇಬ್ಬರಿಗೂ ಬಹಳ ಛಲೋ ಉಪಾಯವಾಗಿ ಕಂಡಿತು. ಆಸೀಫನ ಕಂಪ್ಯೂಟರಿನಲ್ಲಿ ಊರಿನ ಎಲ್ಲರ ಫೋಟೋ ಇದ್ದವು. ಅಳತೆಗೆ ಸರಿಯಾಗಿ ಕೂಡುವ ತೋಳೊಂದನ್ನು ಹುಡುಕಿ, ಕತ್ತರಿಸಿ, ಬಳೆಯ ಮೇಲೆ ಏರಿಸಿದ. ಬಳೆ ಮುಚ್ಚಿತು. ಹೆಗಲು ಮರಳಿ ಬಂತು. ಸಂಗನಬಸವನಿಗೆ ಉಸಿರು ಬಂದಂತಾಗಿ, ಒಂದು ಚಹಾ ತರಿಸಿ ಅರ್ಧ ಆಸೀಫನಿಗೆ ಕೊಟ್ಟು, ಪಟ್ಟಿ ಕಳಿಸಿದ.

ಮಹಾಂತೇಶ ಕೂಡಲೇ ಕೇಳಿದ. “ಬಸಣ್ಣಾ, ಯಾವ ಕೇಸು?”

ಆಗ ಇಬ್ಬರೂ ಸರಿಯಾಗಿ ನೋಡಿದರು. ತೋಳಿನ ಬಣ್ಣ ಖಾಕಿ. ಹೋದ ವಾರ ಫೋಟೋ ತೆಗೆಸಲು ಬಂದಿದ್ದ ಪೊಲೀಸಪ್ಪನ ತೋಳು ಅದು. ಸಂಗನಬಸವನ ಅಂಗಿಯನ್ನು ಹಿಡಿದಿದ್ದ ಕೈ ಈಗ ಅವನನ್ನು ಎಳೆದೊಯ್ಯುತ್ತಿರುವ ಹಾಗೆ ಕಾಣುತ್ತಿತ್ತು. ‘ಜಾಮೀನು ಬೇಕಂದ್ರ ನಾ ಅದೇನಿ’ ಎಂದು ಕುಂದಗೋಳದ ಕಡೆಯವರೊಬ್ಬರು ಧೈರ್ಯ ಹೇಳಿದ್ದರು. ‘ಕೈಮುಗಿದು ಹೊಂಟಾನ, ಪಾಪ’ ಎಂದು ಮಾಳಪ್ಪ ಬರೆದಿದ್ದ.

ಮತ್ತೆ ಮಡಿವಾಳೆಪ್ಪನ ಫೋನು ಬಂತು. ಹಿಂದೆ ಬಸ್ಸಿನ ಸದ್ದು.

“ಮುಂಜಾನೆ ಹೆಣ್ಣಿನ ಕೈ, ಮಧ್ಯಾಹ್ನ ಪೊಲೀಸರ ಕೈ. ನಿಮ್ಮ ಹೆಗಲು ಖಾಲಿ ಇರೂದು ಯಾವಾಗ್ರಿ? ನಾವು ಹುಬ್ಬಳ್ಳಿ ದಾಟೇವಿ, ಅದಕ್ಕ ಬರಾಕತ್ತೇವಿ. ಆ ಕೈಗೂ ನಿಮಗೂ ಏನು ಸಂಬಂಧ ಅಂತ ನಾಕು ಮಂದಿ ಮುಂದ ಹೇಳ್ರಿ. ಇಲ್ಲಂದ್ರ ನಾವು ನೀರು ಸೈತ ಕುಡೀದ ಹೊಳ್ಳಿ ಹೊಕ್ಕೇವಿ.”

ಸಂಗನಬಸವ ಮನೆಗೆ ಬಂದರೆ ಪಡಸಾಲೆ ತುಂಬ ಜನ. ಹೆಗಲು ಹೋಯಿತೆಂದು ಬಂದವರು ಬಾಳೆಹಣ್ಣು ತಂದಿದ್ದರು. ಜೈಲಾಯಿತೆಂದು ಬಂದವರು ಆಧಾರ್ ಕಾರ್ಡು ತಂದಿದ್ದರು. ಇವನು ಇಡಿಯಾಗಿ, ಬಿಡುಗಡೆಯಾಗಿ ಬಂದದ್ದನ್ನು ನೋಡಿ ಎರಡೂ ಗುಂಪಿಗೆ ಸ್ವಲ್ಪ ಬೇಜಾರಾಯಿತು. ನಟ್ಟನಡುವೆ ಅಡ್ಮಿನ್ ಪಂಚಾಕ್ಷರಯ್ಯನವರು ಕಂಬಳಿಯ ಮೇಲೆ ಕುಳಿತಿದ್ದರು. ಊರಿನಲ್ಲಿ ಯಾರ ಮನೆಯ ನ್ಯಾಯವಾದರೂ ಕರೆಯದೆ ಬರುವ ಹಿರಿಯರು ಅವರು.

“ಕೈ ಯಾರದು ಅನ್ನೂದು ಬಗೀಹರಿಯೂದಿಲ್ಲ,” ಎಂದರು ಅಯ್ಯನವರು, ಮಡಿವಾಳೆಪ್ಪ ಫೋನಿನಲ್ಲಿ ಅಂದದ್ದನ್ನು ಸಂಗನಬಸವನಿಂದ ಕೇಳಿ. “ಮಡಿವಾಳೆಪ್ಪ ಕೇಳಾಕತ್ತಿದ್ದು ಯಾರದು ಅಂತಲ್ಲ, ನಿನಗೇನಾಗಬೇಕು ಅಂತ. ಅದನ್ನ ನೀನ ಠರಾಯಿಸಬಹುದು. ಆ ಕೈ ಯಾರದರ ಇರಲಿ, ಅಕಿ ನನ್ನ ತಂಗಿ ಅಂತ ವಿಭೂತಿ ಮುಟ್ಟಿ ಹೇಳಿಬಿಡು. ತಂಗಿ ಅಣ್ಣನ ಹೆಗಲ ಮ್ಯಾಲ ಕೈ ಇಟ್ರ ಯಾವ ಮಗ ಏನಂತಾನ?”

“ಮುದುಕಿ ಕೈ ಇದ್ರ?” ಮೈಲಾರವ್ವನಿಗೆ ಸಂಶಯ.

“ಮುದುಕಿ ತಂಗಿ.”

ಸಂಗನಬಸವ ಯೋಚಿಸಿದ. ಅವನಿಗೆ ಒಡಹುಟ್ಟಿದವರಿಲ್ಲ. ಎಲ್ಲಿಯೋ ಇರುವ ಯಾವಳೋ ಒಬ್ಬಳು ತಂಗಿಯಾದರೆ ಹೋಗುವುದೇನು? ಬರುವುದು ಅಮೃತಾ. ಅವನು ವಿಭೂತಿಯ ಗಟ್ಟಿಯನ್ನು ಬಲಗೈಯಲ್ಲಿ ಹಿಡಿದು ಸ್ಪಷ್ಟವಾಗಿ ಹೇಳಿದ. “ಈ ಕೈ ಯಾರದರ ಇರಲಿ, ಇವತ್ತಿನಿಂದ ಅಕಿ ನನ್ನ ತಂಗಿ. ಅಕಿ ಸುಖ ದುಃಖ ನಂದು. ಈ ಮಾತು ತಪ್ಪಿದ್ರ ನನ್ನ ಹೊಲದಾಗ ಹುಲ್ಲು ಸೈತ ಬೆಳೀಬಾರದು.” ಕೊನೆಯ ವಾಕ್ಯವನ್ನು ಅಯ್ಯನವರು ಕೇಳಿರಲಿಲ್ಲ. ಹುರುಪಿನಲ್ಲಿ ಇವನೇ ಸೇರಿಸಿದ.

ಅಯ್ಯನವರು ಅದನ್ನು ವಿಡಿಯೋ ಮಾಡಿ ಬಳಗಕ್ಕೆ ಹಾಕಿದರು. ಆಸೀಫ ಖಾಕಿ ತೋಳನ್ನು ತೆಗೆದು, ಹಸಿರು ಬಳೆಯನ್ನು ಮರಳಿ ತಂದು, ಕೆಳಗೆ ಕೆಂಪು ಅಕ್ಷರದಲ್ಲಿ ‘ಈ ಕೈ ನನ್ನ ತಂಗಿಯದು’ ಎಂದು ಬರೆದು ಹೊಸ ಪಟ್ಟಿ ಕಳಿಸಿ, ಅಂಗಡಿ ಮುಚ್ಚಿ ತಾನೂ ಪಡಸಾಲೆಗೆ ಬಂದು ಕುಳಿತ. ನಾಲ್ಕು ತಾಲ್ಲೂಕಿನ ರೈತರು ಹೆಬ್ಬೆರಳೆತ್ತಿದರು. ಎತ್ತೂ ಎತ್ತಿತು.

ಮಡಿವಾಳೆಪ್ಪ ಇಬ್ಬರು ಹಿರಿಯರೊಂದಿಗೆ ಬಂದಾಗ ಅವನ ಮುಖವೇ ಬೇರೆಯಾಗಿತ್ತು. ಬಸ್ಸಿನಲ್ಲಿ ವಿಡಿಯೋವನ್ನು ಎರಡು ಸಲ ನೋಡಿದ್ದ. ಕಾಲಿಗೆ ನೀರು ಕೊಟ್ಟರೆ ತೊಳೆದುಕೊಂಡ. ಹೋಳಿಗೆ ಕೊಟ್ಟರೆ ತಿಂದ. ಬಾಳೆಹಣ್ಣು ಬಹಳ ಇದ್ದವು, ಅವನ್ನೂ ತಿಂದ.

“ಗುರ್ತಿಲ್ಲದ ಹೆಣ್ಮಗಳಿಗೆ ತಂಗಿ ಅಂದು ಆಣಿ ಮಾಡ್ಯಾರ,” ಎಂದು ಹಿರಿಯರಿಗೆ ಹೇಳಿದ. “ಇಂಥವರು ನಮ್ಮ ಹುಡುಗೀನ ಹೂವಿನಂಗ ನೋಡ್ಕೋತಾರ. ಏನ್ ಮುಚ್ಚಿಡಲಿ, ನನಗ ಮನಸ್ಸು ತುಂಬಿ ಬಂತ್ರಿ. ಸಕ್ಕರಿ ತರ್ರಿ, ಬಾಯಿ ಸಿಹಿ ಮಾಡೂಣು.”

ಸುಶೀಲವ್ವ ಕಣ್ಣೊರೆಸಿಕೊಳ್ಳುತ್ತ ಸಕ್ಕರೆಯ ತಟ್ಟೆ ತಂದಳು. ಮಡಿವಾಳೆಪ್ಪ ಒಂದು ಚಿಟಿಕೆ ತೆಗೆದು ಅಳಿಯನ ಬಾಯಿಗೆ ಹಾಕಿದ. ಅದೇ ಹೊತ್ತಿಗೆ ಪಡಸಾಲೆಯಲ್ಲಿದ್ದ ಎಲ್ಲರ ಮೊಬೈಲೂ ಒಟ್ಟಿಗೆ ಗುಂಯ್‌ಗುಟ್ಟಿದವು.

ಸಿದ್ಧಾರೂಢ ಬಳಗದಲ್ಲಿ ಬರೆದಿದ್ದ. ‘ಅಣ್ಣಾ, ಕೈ ಸಿಕ್ತು!’ ಕೆಳಗೆ ಆಲ್ಬಮ್ಮಿನ ಪೂರ್ತಿ ಫೋಟೋ. ಮದುವೆ ವೇದಿಕೆಯ ಮೆಟ್ಟಿಲು, ಕೇಸರಿ ರುಮಾಲಿನ ಸಂಗನಬಸವ, ಅವನ ಹಿಂದೆ ಎಡಗಡೆ ಜೋಲಿ ತಪ್ಪಿ, ಗಾಬರಿಯಿಂದ ಕಣ್ಣರಳಿಸಿ, ಬಲಗೈಯಿಂದ ಅವನ ಹೆಗಲು ಹಿಡಿದ ಒಬ್ಬ ಹುಡುಗಿ.

ಮಡಿವಾಳೆಪ್ಪ ಚಷ್ಮಾ ಏರಿಸಿದ. ಇಳಿಸಿದ. ಮತ್ತೆ ಏರಿಸಿದ.

“ಇಕಿ... ನಮ್ಮ ಅಮೃತಾ.”

ಸಂಗನಬಸವ ಜಿಗಿದು ನಿಂತ. “ಅಂದ್ರ ಅದು ಅಕಿದ ಕೈ ಏನ್ರಿ! ಮುಗೀತಲ್ರಿ ಮತ್ತ! ಮುಂಜಾನಿಂದ ಸುಮ್ನ ಜೀವಾ ತಿಂದ್ರಿ ಎಲ್ಲಾರೂ!” ಎಂದು ನಗುತ್ತ ಸುತ್ತ ನೋಡಿದ. ಬೇರೆ ಯಾರೂ ನಗುತ್ತಿರಲಿಲ್ಲ. ಅಯ್ಯನವರು ಕಂಬಳಿಯ ಮೇಲಿದ್ದ ವಿಭೂತಿಯ ಗಟ್ಟಿಯನ್ನು ನೋಡುತ್ತಿದ್ದರು. ಆಗ ಅವನ ನಗು ನಿಂತಿತು. ಸಕ್ಕರೆ ಮಾತ್ರ ಇನ್ನೂ ಬಾಯಿಯಲ್ಲೇ ಇತ್ತು.

“ತಂಗಿ ಅಂದುಬಿಟ್ಟೀ,” ಎಂದರು ಅಯ್ಯನವರು.

“ನೀವ ಅನ್ಸಿದ್ರಿ!”

“ನಾ ತಂಗಿ ಅನ್ನು ಅಂದೆ. ಹೊಲದಾಗ ಹುಲ್ಲು ಬೆಳೀಬಾರದು ಅಂತ ನಾ ಅಂದಿಲ್ಲ.”

ಆಸೀಫ ಮೆಲ್ಲಗೆ ಬಾಯಿ ಹಾಕಿದ. “ಆಣಿ ಮಾಡಿದ್ದು ಕೈ ಮ್ಯಾಲಷ್ಟ ಅಲ್ಲೇನ್ರಿ? ಕೈ ಅಷ್ಟ ತಂಗಿ ಅಂತ ಕತ್ತರಿಸಿ ಬಾಜೂಕ ಇಟ್ಟು, ಉಳದದ್ದನ್ನ ಲಗ್ನ ಮಾಡಿದ್ರ?” ಇಡೀ ದಿನ ಅದೇ ಕೆಲಸ ಮಾಡಿದವನಿಗೆ ಅದು ಸಹಜವಾಗಿ ತೋರಿತು. ಹಿರಿಯರು ಸ್ವಲ್ಪ ಹೊತ್ತು ಇದನ್ನು ನಿಜಕ್ಕೂ ಚರ್ಚಿಸಿದರು. ಮದುವೆಯಲ್ಲಿ ಹಿಡಿಯಬೇಕಾದದ್ದು ಅದೇ ಬಲಗೈ ಎಂಬಲ್ಲಿಗೆ ಬಂದು ಚರ್ಚೆ ನಿಂತಿತು.

ಮಡಿವಾಳೆಪ್ಪ ಮಗಳಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದ.

“ಹೌದಪ್ಪಾ, ನನ್ನ ಕೈನ,” ಎಂದಳು ಅಮೃತಾ. “ದಾನೇಶ್ವರಿ ನನ್ನ ಗೆಳತಿ, ಅಕಿ ಲಗ್ನಕ್ಕ ಹೋಗಿದ್ದೆ. ಮೆಟ್ಟಲ ಮ್ಯಾಲ ಕಾಲು ಜಾರಿತು, ಮುಂದ ಇದ್ದವರ ಹೆಗಲು ಹಿಡಕೊಂಡೆ. ಅವರು ಅಲಗಾಡಲಿಲ್ಲ. ಹೊಳ್ಳಿ ನೋಡಿ ಹಲ್ಲೂ ಕಿಸೀಲಿಲ್ಲ. ಇಂಥವರೂ ಇರತಾರಲ್ಲ ಅನ್ನಿಸ್ತು. ಅವರ ಮನಿಗೆ ಕೇಳಿ ನೋಡು ಅಂತ ದಾನೇಶ್ವರಿಗೆ ನಾನ ಹೇಳಿದ್ದೆ. ಮುಂಜಾನೆ ಪಟ್ಟಿ ನೋಡಿ, ನನ್ನ ಕೈ ಗುರ್ತಾ ಹಿಡಿದು ಬೇಕಂತನ ಇಟ್ಕೊಂಡಾರ ಅಂತ ತಿಳಿದು ಖುಷಿಯಿಂದ ನಕ್ಕೆಪ್ಪಾ. ಯಾಕ, ಏನಾತು?”

ಏನಾಯಿತೆಂದು ಮಡಿವಾಳೆಪ್ಪ ಹೇಳಿದ. ಸಂಗನಬಸವ ಆ ಮೊಬೈಲನ್ನೇ ನೋಡುತ್ತ ನಿಂತಿದ್ದ. ಬದುಕಿನಲ್ಲಿ ಒಬ್ಬಳು ತನ್ನನ್ನು ಮೆಚ್ಚಿದ್ದಳು, ತಾನು ಏನೂ ಮಾಡದೆ ಸುಮ್ಮನೆ ನಿಂತದ್ದಕ್ಕೆ ಮೆಚ್ಚಿದ್ದಳು ಎಂಬುದು ಅವನಿಗೆ ಈಗ ತಿಳಿಯಿತು.

“ಹಂಗಾರ...” ಎಂದಳು ಅಮೃತಾ. “ನಾಗರ ಪಂಚಮಿಗೆ ತಂಗೀನ ಕರಿಯಾಕ ಬರ್ರಿ, ಅಣ್ಣಾ.”

ಸುಶೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಸೆರಗು ಸರಿಸಿ, “ಪಂಚಮಿಗೆ ಅಕಿಗೆ ಯಾವ ಉಂಡಿ ಸೇರತಾವ ಕೇಳ್ರಿ. ಶೇಂಗಾದ್ದೋ, ಎಳ್ಳಿಂದೋ?” ಎಂದಳು. ಮಗಳಿಲ್ಲ ಎಂಬ ಕೊರಗು ಅವಳಿಗೆ ಮೊದಲಿನಿಂದಲೂ ಇತ್ತು.

ಮಡಿವಾಳೆಪ್ಪ ಎದ್ದು ನಿಂತು ಸಂಗನಬಸವನ ಹೆಗಲ ಮೇಲೆ ಕೈಯಿಟ್ಟ. ಅದೇ ಎಡಹೆಗಲು.

“ಅಕಿ ಸುಖ ದುಃಖ ನಂದು ಅಂದೀಯಪಾ, ನಾಕು ತಾಲ್ಲೂಕು ಕೇಳೇತಿ. ನನಗೂ ವಯಸ್ಸಾತು. ಇನ್ನ ಅಕಿಗೆ ಗಂಡು ಹುಡುಕೂದು ಅಣ್ಣಂದ ಕೆಲಸ. ಹೊಲಾ ಮಾಡೂ ಹುಡುಗ ಆದ್ರೂ ನಡೀತೈತಿ, ಇಂಥಾದ್ದ ಬೇಕು ಅಂತ ನಂದೇನಿಲ್ಲ.”

ಇದನ್ನೂ ಅಯ್ಯನವರು ವಿಡಿಯೋ ಮಾಡಿದ್ದರು. ಬೀಗರಾಗದ ಬೀಗರು ಕಡೆಯ ಬಸ್ಸು ಹಿಡಿಯಲು ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ಅದು ಬಳಗಕ್ಕೆ ಹೋಗಿತ್ತು. ಸಂಗನಬಸವ ಅವರನ್ನು ಬಾಗಿಲವರೆಗೆ ಕಳಿಸಿ, ಕಟ್ಟೆಯ ಮೇಲೆ ಕುಳಿತ. ಕಿಸೆಯಲ್ಲಿ ಮೊಬೈಲು ಗುಂಯ್‌ಗುಟ್ಟಿತು.

ನವಲಗುಂದದ ಮಹಾಂತೇಶ.

“ಬಸಣ್ಣಾ, ತಂಗಿಗೆ ಗಂಡು ನೋಡಾಕತ್ತೀರಂತ. ನನಗೂ ಇನ್ನ ಕನ್ಯಾ ಸಿಕ್ಕಿಲ್ಲ. ಕೆಳಗ ನನ್ನ ಪಟ್ಟಿ ಐತಿ, ಸಾವಕಾಶ ನೋಡಿ ಹೇಳ್ರಿ.”

ಸಂಗನಬಸವ ಸಾವಕಾಶ ನೋಡಿದ. ಹಿಂದೆ ಸೂರ್ಯ ಹುಟ್ಟುತ್ತಿದ್ದ. ಮುಂದೆ ಮಹಾಂತೇಶ ಕೈಮುಗಿದು ನಿಂತಿದ್ದ. ಅವನ ಎರಡೂ ಹೆಗಲು ಖಾಲಿ ಇದ್ದವು.